ತೋಟದ ಆಳಿನ ಆಸ್ಪತ್ರೆ ಬಿಲ್ಲು 78,400 ಬಾಕಿ: ಈ ದುಡ್ಡು ಕೊನೆಗೆ ಯಾರ ಲೆಕ್ಕಕ್ಕೆ?

ತೋಟದ ರೈಟರ್ (ಮೂಡಿಗೆರೆ ಕಡೆ)

ಎಲ್ರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು, ಆಗಿದೀನಿ. ಮೊನ್ನೆ ಮೆಣಸು ಕೊಯ್ಲಿನಲ್ಲಿ ನಮ್ಮ ಲೈನಿನ (ಆಳುಗಳ ಮನೆಸಾಲಿನ) ಒಬ್ಬ ಅಸ್ಸಾಂ ಹುಡುಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಬಿದ್ದ. ತೊಡೆಮೂಳೆ ಎರಡು ತುಂಡು. ಕತ್ತಲಾಗ್ತಿತ್ತು, ಹುಡುಗ ಕೂಗ್ತಿದ್ದ. ಜೀಪಲ್ಲಿ ಮಲಗಿಸಿಕೊಂಡು ಮೊದಲು ಸಿಕ್ಕಿದ ನರ್ಸಿಂಗ್ ಹೋಮಿಗೇ ನುಗ್ಗಿಸಿದ್ವಿ. ಯಾವ ಕಾರ್ಡು ನಡೆಯುತ್ತೆ, ಯಾವುದು ನಡೆಯಲ್ಲ ಅಂತ ವಿಚಾರಿಸೋ ಹೊತ್ತಲ್ಲ ಅದು.

ಒಂಬತ್ತು ದಿನಕ್ಕೆ ಬಿಲ್ಲು 1,38,400. ತೋಟದಿಂದ 40,000 ಕೊಟ್ರು, ಲೈನಿನವರು ಚಂದಾ ಎತ್ತಿ 20,000 ಮಾಡಿದ್ರು. ಮಿಕ್ಕಿದ್ದು 78,400. ಹುಡುಗನ ಹತ್ರ ಒಂದು ಮೊಬೈಲು ಬಿಟ್ರೆ ಏನಿಲ್ಲ. ಮ್ಯಾನೇಜರ್ ಎದುರು ಹೋಗಿ ಕೂತೆ. ಅವರು ಬಿಲ್ಲು ಒಂದ್ಸಲ ನೋಡಿ, ಕ್ಯಾಲ್ಕುಲೇಟರ್ ಒತ್ತಿ, "28,400 ಬಿಡ್ತೀನಿ, ಉಳಿದ 50,000ಕ್ಕೆ ನೀವು ಸಹಿ ಹಾಕಿ, ಐದು ಕಂತು" ಅಂದ್ರು. ಹಾಕಿ ಬಂದೆ. ಮನೇಲಿ ಹೆಂಡತಿಗೆ ಇನ್ನೂ ಹೇಳಿಲ್ಲ.

ನನಗೆ ಕೊರೀತಿರೋದು ಇದು. ಒಂದು ನಿಮಿಷದಲ್ಲಿ 28,400 ಬಿಡೋಕಾಗುತ್ತೆ ಅಂದ್ರೆ ಅದು ನಿಜವಾಗಿ ಖರ್ಚಾದ ದುಡ್ಡೇನಾ? ಇಲ್ಲ, ಬಿಡೋದಕ್ಕೇ ಅಂತ ಸೇರಿಸಿಟ್ಟಿದ್ದಾ? ನಮ್ಮಂಥವರು ಕೊಡದೇ ಹೋದ್ರೆ ಆಸ್ಪತ್ರೆಯವರು ಏನ್ ಮಾಡ್ತಾರೆ? ಒಳಗಿನವರು ಯಾರಾದ್ರೂ ಇದ್ರೆ ಹೇಳಿ.

ಬೇಲೂರು ಹುಡುಗ

ಏನೂ ಮಾಡಲ್ಲ ಅಣ್ಣ. ಒಂದಕ್ಕೆ ಮೂರು ಹಾಕಿರ್ತಾರೆ, ಅದರಲ್ಲಿ ಒಂದು ಬಿಟ್ಟು ಪುಣ್ಯ ಕಟ್ಕೋತಾರೆ. ಸಂತೇಲಿ ಹಸು ವ್ಯಾಪಾರ ಆದಂಗೆ. ಟವೆಲ್ ಕೆಳಗೆ ಬೆರಳು ಹಿಡಿಯೋದೊಂದು ಬಾಕಿ.

ಹಳೇ ಕ್ಯಾಷಿಯರ್ (ಹಾಸನ)

ರೈಟರ್ ಅಣ್ಣ, ಹಾಸನದ ಒಂದು 50 ಹಾಸಿಗೆ ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಲ್ಲಿ 19 ವರ್ಷ ಕೂತು ಎದ್ದವನು ನಾನು. ಬಿಲ್ಲಿನ ಬಾಬ್ತುಗಳನ್ನ ಇಲ್ಲಿ ಹಾಕಿ, ಬಿಡಿಸಿ ಹೇಳ್ತೀನಿ.

ತೋಟದ ರೈಟರ್

ಔಷಧಿ 34,000. ತೊಡೆಗೆ ಹಾಕಿದ ರಾಡು 18,500. ರಕ್ತ, ಎಕ್ಸ್‌ರೇ, ಲ್ಯಾಬು ಎಲ್ಲಾ ಸೇರಿ 17,900. ಸರ್ಜನ್, ಥಿಯೇಟರ್, ಅರಿವಳಿಕೆ 46,000. ವಾರ್ಡು, ನರ್ಸಿಂಗ್ 22,000.

ಹಳೇ ಕ್ಯಾಷಿಯರ್ (ಹಾಸನ)

ಸರಿ. ಯಾವ ಬಿಲ್ಲಲ್ಲೇ ಆಗಲಿ ಎರಡು ಜಾತಿ ದುಡ್ಡು ಇರುತ್ತೆ. ಒಂದು, ಈ ರೋಗಿ ಬಂದಿದ್ದಕ್ಕೇ ಗಲ್ಲಾದಿಂದ ಹೊರಗೆ ಹೋಗಿದ್ದು. ರಾಡು ತಂದುಕೊಟ್ಟ ಏಜೆನ್ಸಿಯವನಿಗೆ, ಬ್ಲಡ್ ಬ್ಯಾಂಕಿಗೆ, ಹೊರಗಿಂದ ಕರೆಸಿದ ಅರಿವಳಿಕೆ ಡಾಕ್ಟರಿಗೆ, ಔಷಧಿ ಡಿಸ್ಟ್ರಿಬ್ಯೂಟರಿಗೆ. ಇನ್ನೊಂದು, ರೋಗಿ ಬಂದ್ರೂ ಬರದಿದ್ರೂ ಹೋಗೋದು. ಕಟ್ಟಡದ ಸಾಲದ ಕಂತು, ನರ್ಸುಗಳ ಸಂಬಳ, ಕರೆಂಟು, ಜನರೇಟರಿಗೆ ಡೀಸೆಲ್ಲು, ಆಪರೇಶನ್ ಹೊತ್ತಲ್ಲೇ ಎಕ್ಸ್‌ರೇ ತೋರಿಸೋ ಸಿ ಆರ್ಮ್ ಮಿಷಿನಿನ ಕಂತು.

ಮ್ಯಾನೇಜರ್ ಕಣ್ಣು ಮೊದಲು ಹೋಗೋದು ನೀವು ಆಗಲೇ ಕಟ್ಟಿದ ದುಡ್ಡಲ್ಲಿ ಮೊದಲ ಜಾತಿಯದು ವಸೂಲಾಯ್ತಾ ಅನ್ನೋದರ ಮೇಲೆ. ನಿಮ್ಮ 60,000ದಲ್ಲಿ ಹೆಚ್ಚೂಕಡಿಮೆ ಆಗಿದೆ. ಔಷಧಿ 34,000 ಅಂತ ಇರೋದು ಎಂಆರ್‌ಪಿ ಲೆಕ್ಕ, ಕೊಂಡ ರೇಟು ಅದಕ್ಕಿಂತ ಕಮ್ಮಿ. ರಾಡಿನಲ್ಲೂ ಹಾಗೇ. ಅದಕ್ಕೇ ಅಷ್ಟು ಬೇಗ ಬಿಟ್ರು. ಆ 60,000 ಕಟ್ಟಿರಲಿಲ್ಲ ಅಂದಿದ್ರೆ ಅದೇ ಮ್ಯಾನೇಜರ್ ಒಂದು ರೂಪಾಯಿ ಬಿಡ್ತಿರಲಿಲ್ಲ. ನಮ್ಮಲ್ಲೂ ಡಾಕ್ಟರ್ ಫೀಸು ಬಿಡೋದು ಸುಲಭ, ವಾರ್ಡಿನದು ಅರ್ಧ ಬಿಡೋದು ಸುಲಭ. ರಾಡಿನ ದುಡ್ಡು ಮಾತ್ರ ಆಪರೇಶನ್‌ಗೆ ಮುಂಚೆ ಕಟ್ಟಿಸಿಕೊಳ್ತಿದ್ವಿ, ಯಾಕಂದ್ರೆ ಏಜೆನ್ಸಿ ಹುಡುಗ ಥಿಯೇಟರ್ ಬಾಗಿಲಲ್ಲೇ ನಿಂತಿರ್ತಿದ್ದ.

ಹಾಗಂತ 28,400 ಸುಳ್ಳು ದುಡ್ಡು ಅಂದ್ಕೋಬೇಡಿ. ಅಂಥ ಬಿಲ್ಲು ಒಂದೇ ತಿಂಗಳಲ್ಲಿ ಎಂಟು ಹತ್ತು ಬಂದ್ರೆ 7ನೇ ತಾರೀಖಿನ ಸಂಬಳ 20ಕ್ಕೆ ಹೋಗೋದು. ಮೊದಲು ಕಾಯಿಸ್ತಿದ್ದಿದ್ದು ಆಯಾಗಳನ್ನ. ಆಮೇಲೆ ನರ್ಸುಗಳನ್ನ. ಡಿಸ್ಟ್ರಿಬ್ಯೂಟರಿಗೆ 60 ದಿನದ ಉದ್ದರಿ ಅಂದಿದ್ದು 120 ದಿನ ಆಗೋದು, ಅವನು ರೇಟು ಏರಿಸೋನು, ಆ ಏರಿದ ರೇಟು ಮುಂದಿನ ರೋಗಿಗೆ. ಬಾಕಿ ಎಲ್ಲೂ ಮಾಯ ಆಗಲ್ಲ ಅಣ್ಣ, ಮಂಚದಿಂದ ಮಂಚಕ್ಕೆ ಜಾರುತ್ತೆ. ಸ್ಪೆಷಲ್ ವಾರ್ಡಲ್ಲಿ ಟಿವಿ, ಗೀಸರ್ ಅಂತ ಜಾಸ್ತಿ ಹಾಕ್ತೀವಲ್ಲ, ಅದರ ಒಂದು ಭಾಗ ಜನರಲ್ ವಾರ್ಡಿನ ಬಾಕಿಗೆ. ನನ್ನ ಇಡೀ ಸರ್ವಿಸಲ್ಲಿ ಬಾಕಿಗೆ ಅಂತ ಕೋರ್ಟಿಗೆ ಹೋಗಿದ್ದನ್ನ ನಾನು ಕಂಡಿಲ್ಲ. ಒಂದು ಕೆಂಪು ರಟ್ಟಿನ ಪುಸ್ತಕ ಇತ್ತು. ಮಾರ್ಚ್ ಬಂದಾಗ ಆಡಿಟರ್ ಬಂದು ಹಳೇ ಹೆಸರುಗಳ ಮೇಲೆ ಗೆರೆ ಎಳೀತಿದ್ರು. ಅಷ್ಟೇ.

ಬೇಲೂರು ಹುಡುಗ

ಸಾರ್, ಗೆರೆ ಎಳೆಯೋ ಮುಂಚೆ ಏನೇನು ಮಾಡ್ತೀರಿ ಅದನ್ನೂ ಹೇಳಿ. ನಮ್ಮ ದೊಡ್ಡಪ್ಪ ತೀರಿಕೊಂಡಾಗ 1,10,000 ಬಾಕಿ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಜೀವ ಹೋಯ್ತು, ಬಾಡಿ ಕೊಟ್ಟಿದ್ದು ಮಧ್ಯಾಹ್ನ ಎರಡಕ್ಕೆ, ದೊಡ್ಡಮ್ಮನ ಎರಡೆಳೆ ಸರ ಅಡ ಇಟ್ಟು ದುಡ್ಡು ತಂದ ಮೇಲೆ. ಆಸ್ಪತ್ರೆ ಹೆಸರು ಹಾಕಲ್ಲ. ಊರಿಗೆ ತಂದಾಗ ಸೂರ್ಯ ಇಳಿದಿದ್ದ.

ಹಳೇ ಕ್ಯಾಷಿಯರ್ (ಹಾಸನ)

ಅದು ನಡೀತಿತ್ತು. ಸುಳ್ಳು ಹೇಳಲ್ಲ. ಆಧಾರ್ ಕಾರ್ಡು, ಬೈಕಿನ ಆರ್‌ಸಿ, ಬ್ಲಾಂಕ್ ಚೆಕ್ಕು ಎಲ್ಲಾ ನನ್ನ ಡ್ರಾಯರಲ್ಲಿ ಇರ್ತಿತ್ತು. ಅದಕ್ಕಿಂತ ಹೆಚ್ಚಾಗಿ ಮಾಡ್ತಿದ್ದಿದ್ದು ಸಾಗಹಾಕೋದು. ಮೂರನೇ ದಿನ ಅಡ್ವಾನ್ಸು ಮುಗೀತು, ಮತ್ತೆ ಕಟ್ಟಲಿಲ್ಲ ಅಂದ್ರೆ ಮೇಲಿಂದ ಫೋನು, ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಸಾಗಿಸೋಕೆ: "ಹಿಮ್ಸ್‌ನಲ್ಲಿ ಬೆಡ್ ಇದೆಯಾ ವಿಚಾರಿಸು". ರೋಗಿ ಕಡೆಯವರೇ ಸಹಿ ಮಾಡಿ ಕರಕೊಂಡು ಹೋದ್ರೆ ಫೈಲ್ ಮೇಲೆ 'ಡಾಮಾ' ಅಂತ ಬರೀತಿದ್ವಿ. ವೈದ್ಯರ ಸಲಹೆ ಮೀರಿ ಹೋದ್ರು ಅಂತ ಅರ್ಥ. ದುಡ್ಡು ಮೀರಿತು ಅಂತ ಬರೆಯೋಕೆ ಫಾರಮ್ಮಲ್ಲಿ ಕಾಲಂ ಇಲ್ಲ.

ಕರಿಕೋಟು (ಚಿಕ್ಕಮಗಳೂರು ಬಾರ್)

ಬೇಲೂರಿನವರಿಗೆ: ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರೆ 2007ರ ಕೆಪಿಎಂಇ, ಅದಕ್ಕೆ 2017ರಲ್ಲಿ ತಿದ್ದುಪಡಿ ಆಯ್ತು. ಅವತ್ತು ರಾಜ್ಯದ ಖಾಸಗಿ ಡಾಕ್ಟರುಗಳೆಲ್ಲ ಬಾಗಿಲು ಹಾಕಿ ಬೆಳಗಾವಿಗೆ ಹೋಗಿದ್ದು ನೆನಪಿರಬೇಕು. ಆ ತಿದ್ದುಪಡಿ ಪ್ರಕಾರ ತುರ್ತು ರೋಗಿಗೆ ಅಡ್ವಾನ್ಸ್ ಕಟ್ಟಿದ್ರೇನೇ ಚಿಕಿತ್ಸೆ ಅನ್ನೋ ಹಾಗಿಲ್ಲ. ಬಾಕಿ ಇದೆ ಅಂತ ಶವ ಇಟ್ಟುಕೊಳ್ಳೋ ಹಾಗೂ ಇಲ್ಲ. ದೂರು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಜಿಲ್ಲಾ ಪ್ರಾಧಿಕಾರಕ್ಕೆ. ಬದುಕಿರೋ ರೋಗಿಯನ್ನ ಬಿಲ್ಲಿಗಾಗಿ ತಡೆಯೋದು ತಪ್ಪು ಅಂತ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧ ಮಾಡಿದ ರೋಗಿ ಹಕ್ಕುಗಳ ಸನ್ನದಿನಲ್ಲೂ ಇದೆ. ಬಾಕಿ ಸಾಲ ಅನ್ನೋದು ನಿಜ, ಆದ್ರೆ ಅದನ್ನ ಸಾಲದ ಹಾಗೇ ವಸೂಲು ಮಾಡಬೇಕು. ಹೆಣ ಅಡ ಇಟ್ಟುಕೊಳ್ಳೋ ಹಾಗಿಲ್ಲ.

ಇನ್ನೂ ಹಿಂದಿನದು ಬೇಕಂದ್ರೆ ಸುಪ್ರೀಂ ಕೋರ್ಟಿನ ಪರಮಾನಂದ ಕಟಾರ ತೀರ್ಪು, 1989. ಅಪಘಾತದವನು ಬಂದ್ರೆ ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದಲು ಜೀವ ಉಳಿಸಬೇಕು, ಪೊಲೀಸು ಕಾಗದ ಎಲ್ಲಾ ಆಮೇಲೆ.

ಇಪ್ಪತ್ತು ಹಾಸಿಗೆ ಡಾಕ್ಟರ್ (ಮಲೆನಾಡು)

ಕಾನೂನು ಸರಿ ವಕೀಲರೇ, ಒಪ್ಪಿದೆ. ಮೊದಲು ಜೀವ ಉಳಿಸು ಅಂತ ಕೋರ್ಟು ಹೇಳಿತು. ಉಳಿಸಿದ ಮೇಲೆ ಅದರ ಖರ್ಚು ಯಾರು ಕೊಡ್ತಾರೆ ಅಂತ ಕೇಳಿದ್ರೆ ಎಲ್ಲರೂ ಕಿಟಕಿ ಹೊರಗೆ ನೋಡ್ತಾರೆ.

ನನ್ನ ಕಥೆ ಹೇಳ್ತೀನಿ. ಘಟ್ಟದ ರಸ್ತೆ ಪಕ್ಕ ನನ್ನ ಆಸ್ಪತ್ರೆ. ಮಳೆಗಾಲದಲ್ಲಿ ವಾರಕ್ಕೆ ಎರಡಾದ್ರೂ ಅಪಘಾತದ ಕೇಸು. ಹೊಲಿಗೆ, ಡ್ರಿಪ್ಪು, ಸ್ಪ್ಲಿಂಟ್ ಹಾಕಿ, ಉಸಿರು ಹತೋಟಿಗೆ ತಂದು, ಹಾಸನಕ್ಕೋ ಮಂಗಳೂರಿಗೋ ಆಂಬುಲೆನ್ಸ್ ಹತ್ತಿಸ್ತೀನಿ. ಹತ್ತಿಸಿದ ಮೇಲೆ ಯಾರೂ ವಾಪಸ್ ಬಂದು ದುಡ್ಡು ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. 2016ರಲ್ಲಿ ಸರ್ಕಾರ ಹರೀಶ್ ಸಾಂತ್ವನ ಯೋಜನೆ ಅಂತ ತಂತು, ಅಪಘಾತ ಆದ ಮೊದಲ 48 ಗಂಟೆಗೆ 25,000ದವರೆಗೆ. ಈಗ 2025ರಲ್ಲಿ ಕೇಂದ್ರದ್ದು ಬಂದಿದೆ, ಏಳು ದಿನ, ಒಂದೂವರೆ ಲಕ್ಷ. ಯೋಜನೆ ಒಳ್ಳೇದೇ. ಆದ್ರೆ ಕ್ಲೇಮ್ ಹಾಕೋಕೆ ಕಂಪ್ಯೂಟರ್ ಮುಂದೆ ಕೂರೋ ಒಬ್ಬ ಮನುಷ್ಯ ಬೇಕು. ಇಪ್ಪತ್ತು ಹಾಸಿಗೆಯವನು ಅವನಿಗೆ ಎಲ್ಲಿಂದ ಸಂಬಳ ಕೊಡೋದು?

ಆಯುಷ್ಮಾನ್ ಪಟ್ಟಿಯಲ್ಲಿ ಎರಡು ವರ್ಷ ಇದ್ದೆ. ಪ್ಯಾಕೇಜ್ ರೇಟು, ಅಂದ್ರೆ ಒಂದೊಂದು ಆಪರೇಶನ್ನಿಗೆ ಸರ್ಕಾರ ಕಟ್ಟಿದ ದರ, ಕಮ್ಮಿ ಅನ್ನೋದು ಒಂದು ಕಡೆ ಇರಲಿ, ಅದನ್ನ ಹೇಗೋ ಸಂಭಾಳಿಸಬಹುದು. ಸಾಯಿಸಿದ್ದು ತಡ. ಒಂದು ಕ್ಲೇಮು ಐದು ತಿಂಗಳಿಗೆ ಬಂತು, ಇನ್ನೊಂದಕ್ಕೆ "ಆಪರೇಶನ್ ನಂತರದ ಫೋಟೋ ಸ್ಪಷ್ಟವಿಲ್ಲ" ಅಂತ ಅರ್ಧ ಕಡಿದ್ರು. ನರ್ಸುಗಳಿಗೆ ಐದು ತಿಂಗಳು ತಡೀರಿ ಅನ್ನೋಕಾಗುತ್ತಾ? ಹೊರಗೆ ಬಂದುಬಿಟ್ಟೆ. ಬಂದ ಮೇಲೆ ಕಾರ್ಡು ಹಿಡಿದು ಬರೋರನ್ನ ವಾಪಸ್ ಕಳಿಸೋವಾಗ ಹೊಟ್ಟೆ ಉರಿಯುತ್ತೆ, ಅದೂ ನಿಜ.

ಇನ್ನೊಂದು ಯಾರೂ ಮಾತಾಡಲ್ಲ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಅಂತ ಜನ ಖುಷಿಯಾಗಿದಾರೆ. ನಾವು ಕೊಳ್ಳೋ ಮಿಷಿನಿಗೆ, ಸಾಮಾನಿಗೆ ಜಿಎಸ್‌ಟಿ ಇದೆ. ಸಿಮೆಂಟ್ ಅಂಗಡಿಯವನ ಹಾಗೆ ಅದನ್ನ ಸರ್ಕಾರಕ್ಕೆ ಕಟ್ಟೋ ತೆರಿಗೆಯಲ್ಲಿ ಮುರಿದುಕೊಳ್ಳೋಕೆ ನಮಗೆ ಬರಲ್ಲ. ಅದೂ ಖರ್ಚಿಗೇ ಸೇರುತ್ತೆ.

ಬೇಲೂರು ಹುಡುಗ

ಜಯದೇವ ಹೃದಯದ ಆಸ್ಪತ್ರೆಯಲ್ಲಿ ಆಗುತ್ತೆ, ನಿಮಗ್ಯಾಕೆ ಆಗಲ್ಲ ಡಾಕ್ಟ್ರೇ? 'ಮೊದಲು ಚಿಕಿತ್ಸೆ, ಆಮೇಲೆ ಹಣ' ಅಂತ ಅಲ್ಲಿ ಡೈರೆಕ್ಟರ್ ಆಗಿದ್ದ ಮಂಜುನಾಥ್ ಸಾರ್ ನಡೆಸಿ ತೋರಿಸಲಿಲ್ವಾ? ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನವರೇ ಅವರು.

ಇಪ್ಪತ್ತು ಹಾಸಿಗೆ ಡಾಕ್ಟರ್ (ಮಲೆನಾಡು)

ಅವರ ಬಗ್ಗೆ ನನಗೂ ಗೌರವ ಇದೆ ತಮ್ಮಾ. 2007ರಿಂದ 2024ರವರೆಗೆ ಆ ಸಂಸ್ಥೆಯನ್ನ ನಡೆಸಿದ ರೀತಿ ಸಣ್ಣ ಮಾತಲ್ಲ. ಆದ್ರೆ ಅಲ್ಲಿಯ ಲೆಕ್ಕ ನೋಡು. ಅದು ಸರ್ಕಾರದ ಸ್ವಾಯತ್ತ ಸಂಸ್ಥೆ, ಜಾಗ ಸರ್ಕಾರದ್ದು, ಅನುದಾನ ಬರುತ್ತೆ. ಬೆಂಗಳೂರಿನಲ್ಲಿ 350 ಹಾಸಿಗೆಯ ಬ್ಲಾಕನ್ನ ಇನ್ಫೋಸಿಸ್ ಫೌಂಡೇಶನ್‌ನವರು ಕಟ್ಟಿಕೊಟ್ರು, ಅದರ ಮೇಲೆ ಬ್ಯಾಂಕ್ ಬಡ್ಡಿ ಇಲ್ಲ. ದಾನಿಗಳು ಇಟ್ಟ ಠೇವಣಿಯ ಬಡ್ಡಿಯಿಂದ ಬಡವರ ಬಿಲ್ಲು ತೀರಿಸ್ತಾರೆ. ಜೊತೆಗೆ ದಿನಕ್ಕೆ ಆಗೋ ಕೇಸುಗಳ ಸಂಖ್ಯೆ ಎಷ್ಟು ಅಂದ್ರೆ ಸ್ಟೆಂಟು, ವಾಲ್ವು ಕೊಳ್ಳೋವಾಗ ಕಂಪನಿಯವನನ್ನ ಬಗ್ಗಿಸಿ ರೇಟು ಇಳಿಸಬಹುದು. ನಾನು ತಿಂಗಳಿಗೆ ಆರು ರಾಡು ಕೊಳ್ಳೋನು, ನನ್ನ ಮಾತು ಯಾರು ಕೇಳ್ತಾರೆ?

ಮದುರೆಯ ಅರವಿಂದ್ ಕಣ್ಣಾಸ್ಪತ್ರೆಯದೂ ಸಂಖ್ಯೆಯ ಮಹಿಮೆಯೇ. 1976ರಲ್ಲಿ 11 ಹಾಸಿಗೆಯಿಂದ ಶುರುವಾಗಿದ್ದು. ದುಡ್ಡು ಕೊಡೋರ ಆಪರೇಶನ್ನಿಂದ ಕೊಡದವರ ಆಪರೇಶನ್ ನಡೆಯುತ್ತೆ. ಕಣ್ಣಿನ ಪೊರೆ ಹತ್ತಿಪ್ಪತ್ತು ನಿಮಿಷದ ಕೆಲಸ, ಸಾಲಾಗಿ ಮಾಡಬಹುದು. ಏಣಿಯಿಂದ ಬಿದ್ದವನ ತೊಡೆ ಹಾಗೆ ಸಾಲಿಗೆ ಬರಲ್ಲ.

ನೈಟ್ ಡ್ಯೂಟಿ (ಸರ್ಕಾರಿ ಆಸ್ಪತ್ರೆ ನರ್ಸ್)

ಎಲ್ಲರೂ "ಕೊನೆಗೆ ಸರ್ಕಾರಿಗೆ ಕಳಿಸ್ತಾರೆ" ಅಂತ ಒಂದು ಸಾಲಲ್ಲಿ ಮುಗಿಸಿಬಿಟ್ರಿ. ಆ ಕೊನೆಯಲ್ಲಿ ನಿಂತಿರೋಳು ನಾನು, ಅದಕ್ಕೇ ಬರೀತಿದೀನಿ.

ರಾತ್ರಿ ಒಂದೂವರೆಗೆ ಆಂಬುಲೆನ್ಸ್ ಬರುತ್ತೆ. ಖಾಸಗಿಯಲ್ಲಿ ನಾಲ್ಕು ದಿನ ಇದ್ದು, ಎರಡು ಲಕ್ಷ ಮುಗಿಸಿ, ಇನ್ನು ಆಗಲ್ಲ ಅಂದಾಗ ನಮ್ಮ ಹತ್ರ. ಮೊದಲ ದಿನವೇ ಬಂದಿದ್ರೆ ಕಾರ್ಡಿನಲ್ಲೇ ಮುಗೀತಿತ್ತು. ಕಡೆಯ ದಿನ ಬಂದು ಜೀವ ಹೋದ್ರೆ "ಧರ್ಮಾಸ್ಪತ್ರೆಗೆ ಹಾಕಿದ್ವಿ, ಸಾಯಿಸಿಬಿಟ್ರು" ಅನ್ನೋ ಮಾತು ನಮಗೆ.

ಸರ್ಕಾರಿಯಲ್ಲಿ ದುಡ್ಡಿನ ಲೆಕ್ಕವೇ ಇಲ್ಲ ಅಂತ ಜನ ತಿಳ್ಕೊಂಡಿದಾರೆ. ಇದೆ. ಬಿಪಿಎಲ್ ಅವರಿಗೆ ಮಾಡಿದ ಆಪರೇಶನ್ನಿಗೆ ನಾವೂ ಆಯುಷ್ಮಾನ್ ಕ್ಲೇಮ್ ಹಾಕ್ತೀವಿ. ಆ ದುಡ್ಡು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಖಾತೆಗೆ ಬರುತ್ತೆ. ಹತ್ತಿ, ಗ್ಲೌಸು, ಸ್ಟಾಕ್ ಮುಗಿದ ಆಂಟಿಬಯೋಟಿಕ್ಕು, ಕೆಟ್ಟ ಮೋಟರಿನ ರಿಪೇರಿ ಎಲ್ಲಾ ಅದರಲ್ಲೇ. ರೋಗಿ ಕಡೆಯವರು ರೇಷನ್ ಕಾರ್ಡು, ಆಧಾರ್ ತರದೇ ಡಿಸ್ಚಾರ್ಜ್ ಆಗಿಬಿಟ್ರೆ ಆ ಕ್ಲೇಮು ಹೋಯ್ತು. "ಫ್ರೀ ತಾನೇ, ಕಾರ್ಡ್ ಯಾಕೆ" ಅಂತ ನನ್ನ ಜೊತೆ ಜಗಳ ಆಡ್ತಾರೆ. ಆ ಕಾರ್ಡು ತಂದಿದ್ರೆ ಮುಂದಿನ ತಿಂಗಳು ನಿಮ್ಮದೇ ಊರಿನವರಿಗೆ ಔಷಧಿ ಹೊರಗೆ ಬರೆದುಕೊಡೋದು ತಪ್ಪುತ್ತೆ ಅಂತ ಎಷ್ಟು ಸಲ ಹೇಳೋದು!

ಇನ್ನು ವಾರಸುದಾರರೇ ಇಲ್ಲದವರು. ಬಸ್‌ಸ್ಟ್ಯಾಂಡಿಂದ 108ರಲ್ಲಿ ಬಂದವರು. ಹೆಸರಿಲ್ಲ, ಊರಿಲ್ಲ, ಕಾರ್ಡಿಲ್ಲ. ಅವರಿಗೆ ಕ್ಲೇಮ್ ಹಾಕೋಕೆ ಬರಲ್ಲ. ಊಟ ಆಸ್ಪತ್ರೆಯದು, ಬಟ್ಟೆ ನಮ್ಮ ಮನೆಯದು.

ಅರಸೀಕೆರೆ ಅಕ್ಕ

ನರ್ಸಮ್ಮ ಹೇಳಿದ್ದು ಸರಿ. ನಮ್ಮ ಯಜಮಾನರಿಗೆ ಗಾಲ್‌ಬ್ಲಾಡರ್ ಕಲ್ಲು ಆದಾಗ ಸಹಕಾರ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ಇತ್ತು, ಹಾಲಿನ ಸೊಸೈಟಿ ಮೂಲಕ. 2003ರಲ್ಲಿ ಶುರುವಾಗಿದ್ದು, 2018ರಲ್ಲಿ ನಿಲ್ಲಿಸಿದ್ರು, ಆಗ ಎಷ್ಟು ಪರದಾಡಿದ್ವಿ. 2022ರಲ್ಲಿ ಮತ್ತೆ ನೋಂದಣಿ ಶುರು ಆಯ್ತು. ಹಳ್ಳಿಯವರಿಗೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ. ಆದ್ರೆ ಸಹಕಾರ ಸಂಘದ ಸದಸ್ಯತ್ವ ಬೇಕು. ತೋಟದ ಆಳಿಗೆ ಯಾವ ಸಂಘ?

ಇಲ್ಲಿ ಯಾರೂ ಹೇಳದ ಒಂದು ಮಾತು. ಆಸ್ಪತ್ರೆ ಬಾಕಿ ಅಂತ ನೀವು ಬರೀತಿರೋದು ತುಂಬಾ ಮನೆಗಳಲ್ಲಿ ಆಸ್ಪತ್ರೆ ಪುಸ್ತಕದಲ್ಲಿ ಇರೋದೇ ಇಲ್ಲ. ಸಂಘದ ಸಾಲ ಎತ್ತಿ, ಓಲೆ ಅಡ ಇಟ್ಟು, ಹಸು ಮಾರಿ ಕಟ್ಟಿಬಿಟ್ಟಿರ್ತೀವಿ. ಆಸ್ಪತ್ರೆಗೆ ಪೂರ್ತಿ ಬಂತು, ಬಾಕಿ ನಮ್ಮ ಮನೇಲಿ. ನಾವು ವಾರ ವಾರ ಕಂತು ಕಟ್ತಿದ್ದಿದ್ದು ಎರಡು ವರ್ಷ.

ಕಾರ್ಡ್ ಕೌಂಟರ್

ನಾನು ಆರೋಗ್ಯಮಿತ್ರ, ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡಿನ ಕೆಲಸ ನೋಡೋನು, ಎಲ್ಲಿ ಅಂತ ಹೇಳಲ್ಲ. ರೈಟರ್ ಅವರಿಗೆ ಮಾತ್ರ ಉತ್ತರ. ಅಸ್ಸಾಂ ಹುಡುಗನ ಹತ್ರ ಅವನೂರಿನ ಆಯುಷ್ಮಾನ್ ಕಾರ್ಡು ಇದ್ರೆ ಇಲ್ಲೂ ನಡೆಯುತ್ತೆ, ಪಟ್ಟಿಯಲ್ಲಿರೋ ಆಸ್ಪತ್ರೆ ಆಗಿರಬೇಕು ಅಷ್ಟೇ. ನಮ್ಮ ರಾಜ್ಯದ ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಆದ್ರೆ ಪ್ಯಾಕೇಜಿನ ಶೇ. 30 ಮಾತ್ರ ಸರ್ಕಾರ ಕೊಡುತ್ತೆ, ಒಂದೂವರೆ ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗೋ ಆಪರೇಶನ್ನಿಗೆ ಖಾಸಗಿಗೆ ಹೋಗಬೇಕಂದ್ರೆ ರೆಫರಲ್ ಚೀಟಿ ಬೇಕು, ತುರ್ತು ಪಟ್ಟಿಯಲ್ಲಿ ಇದ್ರೆ ಬೇಡ. ಆದ್ರೆ ನಿಮ್ಮದು ಮುಗಿದುಹೋಗಿದೆ. ದುಡ್ಡು ಕಟ್ಟಿದ ಮೇಲೆ ವಾಪಸ್ ಪಡೆಯೋ ದಾರಿ ಈ ಯೋಜನೇಲಿ ಇಲ್ಲ. ಮುಂದಿನ ಸಲ ಜೀಪು ಹತ್ತಿಸೋ ಮುಂಚೆ ಒಂದು ಫೋನು ಮಾಡಿ ಪಟ್ಟಿಯಲ್ಲಿ ಇದೆಯಾ ಕೇಳಿ.

ಕರಿಕೋಟು (ಚಿಕ್ಕಮಗಳೂರು ಬಾರ್)

ಒಂದು ನಿಮಿಷ. ಎಲ್ಲರೂ ಕಾರ್ಡು, ಆಸ್ಪತ್ರೆ, ಸರ್ಕಾರ ಅಂತಿದೀರಿ. ಹುಡುಗ ಬಿದ್ದಿದ್ದು ಎಲ್ಲಿ? ತೋಟದ ಏಣಿಯಿಂದ, ತೋಟದ ಮೆಣಸು ಕೊಯ್ಯೋವಾಗ. 1923ರ ನೌಕರರ ಪರಿಹಾರ ಕಾಯ್ದೆಗೆ 2009ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಕೆಲಸದ ಹೊತ್ತಲ್ಲಿ ಆದ ಗಾಯದ ಪೂರ್ತಿ ಆಸ್ಪತ್ರೆ ಖರ್ಚು ಮಾಲೀಕರದ್ದು. ಈಗ ಹೊಸ ಕಾರ್ಮಿಕ ಸಂಹಿತೆ ಬಂದ್ರೂ ಹೊಣೆ ಮಾಲೀಕರನ್ನ ಬಿಟ್ಟು ಹೋಗಿಲ್ಲ. ಕಾಲು ಸರಿಹೋಗದಿದ್ರೆ ಪರಿಹಾರ ಬೇರೆ. ಇದು ಬಡರೋಗಿ ಕೊಡಲಾಗದ ಬಿಲ್ಲೇ ಅಲ್ಲ ರೈಟರೇ. ಕೊಡಬೇಕಾದವರು ಕೊಡದ ಬಿಲ್ಲು. ಆ 40,000 ಏನಂತ ಬರೆದು ಕೊಟ್ರು?

ತೋಟದ ರೈಟರ್

ಅಡ್ವಾನ್ಸ್ ಅಂತ. ಬರೆದಿದ್ದು ನಾನೇ. ಕೂಲಿಯಲ್ಲಿ ಮುರಿಯೋ ಲೆಕ್ಕ.

ಬೇಲೂರು ಹುಡುಗ

ಅಯ್ಯೋ ಅಣ್ಣಾ.

ಇಪ್ಪತ್ತು ಹಾಸಿಗೆ ಡಾಕ್ಟರ್ (ಮಲೆನಾಡು)

ನೋಡಿ, ಇದಕ್ಕೇ ನಾನು ಹೇಳೋದು. ನಮ್ಮ ಕೆಂಪು ಪುಸ್ತಕದಲ್ಲಿ ಬಡವರ ಹೆಸರಲ್ಲಿ ಬರೆದಿರೋ ಬಾಕಿಯಲ್ಲಿ ಎಷ್ಟೋ ಪಾಲು ತೋಟದವರದು, ಲಾರಿ ಮಾಲೀಕರದು, ಕಂಟ್ರಾಕ್ಟರುಗಳದು. ಬಿಲ್ಲು ಬರೆಯೋವಾಗ ನಾವು ಕೇಳೋದು "ಜೊತೆಗೆ ಯಾರು ಬಂದಿದೀರಿ" ಅಂತ. "ಎಲ್ಲಿ ಕೆಲಸ" ಅಂತ ನಾನೂ ಇವತ್ತಿನವರೆಗೆ ಕೇಳಿಲ್ಲ.

ಹಳೇ ಕ್ಯಾಷಿಯರ್ (ಹಾಸನ)

ಬಹಳ ತೋಟಗಳಲ್ಲಿ ಆಳುಗಳ ಮೇಲೆ ಇನ್ಶೂರೆನ್ಸ್ ಪಾಲಿಸಿ ಇರುತ್ತೆ, ವರ್ಕ್‌ಮೆನ್ ಪಾಲಿಸಿ ಅಂತಾರೆ. ಆಫೀಸ್ ಬೀರುವಲ್ಲಿ ಹುಡುಕಿ ನೋಡಿ ಅಣ್ಣ.

ತೋಟದ ರೈಟರ್ (ಎರಡು ದಿನದ ಮೇಲೆ)

ಹುಡುಕಿದೆ. ಪಾಲಿಸಿ ಇದೆ, ಚಾಲ್ತಿಯಲ್ಲೇ ಇದೆ. ಕಂತು ಪ್ರತಿವರ್ಷ ನಾನೇ ಬ್ಯಾಂಕಿಗೆ ಹೋಗಿ ಕಟ್ಟಿ ಬಂದಿದೀನಿ, ಒಳಗೆ ಏನು ಬರೆದಿದೆ ಅಂತ ಓದಿರಲಿಲ್ಲ. 26 ಜನಕ್ಕೆ ಮಾಡಿಸಿರೋದು. ಮಸ್ಟರ್ ರೋಲಿನಲ್ಲಿ, ಅಂದ್ರೆ ತೋಟದ ಹಾಜರಿ ಪುಸ್ತಕದಲ್ಲಿ ಇರೋ 26 ಜನ. ಈ ಹುಡುಗ ಕಂಟ್ರಾಕ್ಟ್ ಮೇಸ್ತ್ರಿ ಕಡೆಯಿಂದ ಬಂದವನು, ಅವನ ಹೆಸರು ಮಸ್ಟರಲ್ಲಿಲ್ಲ, ಮೇಸ್ತ್ರಿಯ ಪಾಕೆಟ್ ಪುಸ್ತಕದಲ್ಲಿದೆ. ಅದರಲ್ಲೂ "ಅಸ್ಸಾಂ 4" ಅಂತ ಇದೆ.

ಧಣಿಗಳ ಹತ್ರ ಮಾತು ತೆಗೆದೆ. ಕೋಪ ಮಾಡ್ಕೊಳ್ಳಲಿಲ್ಲ. "ಮೇಸ್ತ್ರಿ ಆಳು ಮೇಸ್ತ್ರಿ ಜವಾಬ್ದಾರಿ ಅಲ್ವೇನಯ್ಯಾ" ಅಂದ್ರು. ಮೇಸ್ತ್ರಿ ಫೋನ್ ಎತ್ತುತಾ ಇಲ್ಲ.

ಕರಿಕೋಟು (ಚಿಕ್ಕಮಗಳೂರು ಬಾರ್)

ಅಲ್ಲ. ಅದೇ ಕಾಯ್ದೆಯ 12ನೇ ಕಲಂ. ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಬಂದವನಾದ್ರೂ ಮೊದಲು ಕೊಡಬೇಕಾದವರು ಮುಖ್ಯ ಮಾಲೀಕರು. ಆಮೇಲೆ ಅವರು ಮೇಸ್ತ್ರಿಯಿಂದ ವಸೂಲು ಮಾಡ್ಕೊಳ್ಳಲಿ. ಧಣಿಗಳಿಗೆ ಬೆದರಿಕೆ ಥರ ಹೇಳಬೇಡಿ. ಅವರ ಆಡಿಟರ್ ಮೂಲಕ ಹೇಳಿಸಿ, ಬೇಗ ಕಿವಿಗೆ ಹೋಗುತ್ತೆ.

ಹಳೇ ಕ್ಯಾಷಿಯರ್ (ಹಾಸನ)

ಮೊದಲ ಕಂತು ಕಟ್ಟೋಕೆ ಯಾವಾಗ ಹೋಗ್ತೀರಿ? ಹೋದಾಗ ಬಾಬ್ತುವಾರು ಬಿಲ್ಲು, ವೂಂಡ್ ಸರ್ಟಿಫಿಕೇಟು (ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಸಮ್ಮರಿ ಮೂರನ್ನೂ ಸೀಲು ಹಾಕಿಸಿ ತಗೊಳ್ಳಿ. ರಸೀದಿಯಲ್ಲಿ ನಿಮ್ಮ ಹೆಸರು ಬರೆಸಬೇಡಿ, ತೋಟದ ಹೆಸರು ಬರೆಸಿ.

ತೋಟದ ರೈಟರ್

ಸೋಮವಾರ. 10,000 ಹೊಂದಿಸಿದೀನಿ. ಹುಡುಗ ಲೈನಿನಲ್ಲೇ ಮಲಗಿದಾನೆ, ಕಾಲ ಕೆಳಗೆ ಗೋಣಿಚೀಲ ಮಡಿಸಿ ಇಟ್ಟಿದೀವಿ. ಇವತ್ತು ಮಸ್ಟರ್ ರೋಲ್ ತೆಗೆದು ಅವನ ಊರು, ತಂದೆ ಹೆಸರು ಎಲ್ಲಾ ಕೇಳಿದೆ. ನಾಲ್ಕು ವರ್ಷದಿಂದ ಇಲ್ಲಿದಾನಂತೆ, ನಾನು ಎರಡು ಅಂದ್ಕೊಂಡಿದ್ದೆ.